ಬರೀ ಕಾಳು

ಅಕ್ಕ ನಮ್ಮ ಮನೆಗೆ ಬರುವಾಗ ನೀರಿನ ಬಾಟಲಿಯನ್ನು ತಾನೇ ತರುತ್ತಿದ್ದಳು. ಸ್ಟೀಲಿನದು, ಮುಚ್ಚಳಕ್ಕೆ ನೀಲಿ ಹಗ್ಗದ ಹಿಡಿ. ಅದನ್ನು ಕಾಲ ಬಳಿ ಇಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂರುವಳು, ಮಾತು ಮುಗಿಸಿ ಏಳುವಳು. ಊಟ ಮಾಡು ಎಂದರೆ ಈಗಷ್ಟೇ ಆಯಿತು ಅನ್ನುವಳು. ಕಾಫಿ ಎಂದರೆ ಬಿಟ್ಟುಬಿಟ್ಟಿದ್ದೇನೆ ಅನ್ನುವಳು. ಡ್ಯಾನ್‌ವಿಲ್‌ನ ಅವಳ ಮನೆಗೆ ನಾನು ಹೋದಾಗ ನನ್ನ ಎದುರಿಗೇ ಲೋಟದ ತುಂಬ ಕಾಫಿ ಕುಡಿಯುವಳು. ಅವಳು ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮದು ಅರಸೀಕೆರೆ ಕಡೆಯ ಲಿಂಗಾಯತರ ಮನೆ. ಕೂಸಾಗಿದ್ದಾಗಲೇ ನಮ್ಮಿಬ್ಬರಿಗೂ ಲಿಂಗ ಕಟ್ಟಿದ್ದರು. ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಅದನ್ನಿಟ್ಟು ಎದೆಯ ಮೇಲೆ ಧರಿಸಬೇಕು, ಬಾಯಿಗೆ ಹಾಕುವ ಪ್ರತಿಯೊಂದನ್ನೂ ಮೊದಲು ಅದಕ್ಕೆ ಅರ್ಪಿಸಿ ಪ್ರಸಾದವೆಂದು ತಿನ್ನಬೇಕು. ಅಕ್ಕ ಇದನ್ನು ಎಂದೂ ತಪ್ಪಿಸಿದವಳಲ್ಲ. ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ, ಓಕ್ಲ್ಯಾಂಡ್‌ನಲ್ಲಿ ಅವಳು ಡಾಕ್ಟರಾಗಿದ್ದ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂಡ ತಟ್ಟೆಯ ಮುಂದೆ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ನಾನು ಎಂಟನೇ ಕ್ಲಾಸಿನಲ್ಲಿ ಫೇಲಾದೆ, ಮತ್ತೆ ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನನಗೇ ಬೇಡವಾಗಿತ್ತು. ಮಂಡ್ಯ ಕಡೆಯವರನ್ನು ಇಷ್ಟಪಟ್ಟು ಮದುವೆಯಾದೆ. ಅವರು ಕಾರು ರಿಪೇರಿಯ ಕೆಲಸಕ್ಕೆಂದು ಅಮೆರಿಕದ ರೆಡ್‌ವುಡ್ ಸಿಟಿಗೆ ಬಂದರು, ನಾನು ಹಿಂದೆ ಬಂದೆ. ಈಗ ಒಂದು ಡೇಕೇರಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಿಸಿ ಮಾಡಿ ಕೊಡುತ್ತೇನೆ. ಅದರಲ್ಲಿ ಕೋಳಿಯೂ ಇರುತ್ತದೆ. ನಮ್ಮ ಮನೆಯ ಒಲೆಯ ಮೇಲೂ ಭಾನುವಾರ ಕೋಳಿಯೇ. ಮದುವೆಯಾದ ವಾರ ನನ್ನ ಲಿಂಗವನ್ನು ಬಿಚ್ಚಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಹಿಂದೆ ಇಟ್ಟೆ. ಅಕ್ಕನ ನೀರಿನ ಬಾಟಲಿ ಅಂದಿನಿಂದ ಶುರುವಾಯಿತು.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಭಾವ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅವಳೂ ಮಗಳೂ ಇಬ್ಬರೇ. ಮಗಳು ಇಲ್ಲೇ ಹುಟ್ಟಿದವಳು, ಸಾಫ್ಟ್‌ವೇರು ಆಫೀಸಿನಲ್ಲಿ ಕೆಲಸ. ರೇಡಿಯೇಶನ್ನಿನ ಮೊದಲ ದಿನ ನಾವು ಮೂವರೂ ಓಕ್ಲ್ಯಾಂಡ್‌ನ ಆಸ್ಪತ್ರೆಗೆ ಹೋದೆವು. ಒಳಗೆ ಮೈಮೇಲೆ ಲೋಹ ಇರಬಾರದು ಎಂದು ನರ್ಸು ಹೇಳಿದಳು. ಅಕ್ಕ ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬಂದಾಗ ಕರಡಿಗೆ ಅವಳ ಅಂಗೈಯಲ್ಲಿತ್ತು. ಮಗಳು ಕೈ ಚಾಚಿದಳು. ಅಕ್ಕ ಅವಳನ್ನು ದಾಟಿ ನನ್ನ ಹತ್ತಿರ ಬಂದಳು.

"ಅವಳಿಗೆ ಇದು ಏನು ಅಂತ ಗೊತ್ತಿಲ್ಲ. ನಿನಗೆ ಗೊತ್ತು. ಕೆಳಗೆ ಇಡಬೇಡ," ಎಂದಳು.

ನಮ್ಮ ಮನೆಯ ನೀರು ಮುಟ್ಟದವಳು ಅದನ್ನು ನನ್ನ ಕೈಗೆ ಕೊಟ್ಟಳು. ಅವಳ ಮೈಯ ಬಿಸಿ ಬೆಳ್ಳಿಯಲ್ಲಿ ಇನ್ನೂ ಇತ್ತು. ಅಂದಿನಿಂದ ಡೇಕೇರಿಗೆ ಬೆಳಗಿನ ರಜೆ ಹಾಕಿ, ಸೇತುವೆ ದಾಟಿ, ಪ್ರತಿ ಸಲವೂ ನಾನೇ ಹೋದೆ. ಅವಳು ಒಳಗಿದ್ದಷ್ಟು ಹೊತ್ತು ಎರಡೂ ಕೈಗಳಲ್ಲಿ ಕರಡಿಗೆ ಹಿಡಿದು ಕೂರುತ್ತಿದ್ದೆ. ಮೂಗು ತುರಿಸಿದರೂ ಕೈ ಬಿಡುತ್ತಿರಲಿಲ್ಲ. ನನ್ನ ಬಾಳಿನಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಮತ್ತೊಂದಿಲ್ಲ.

ಅಲ್ಲಿ ದಿನವೂ ಬರುತ್ತಿದ್ದ ಒಬ್ಬ ಮುದುಕಿ ಪರಿಚಯವಾದಳು. ಅವಳ ತಾಯಿಯ ಊರು ಇಟಲಿಯ ಗುಡ್ಡವೊಂದರ ಮೇಲಿತ್ತಂತೆ. ಆ ಕಡೆ ಊರಿಗೊಂದು ತಿಂಡಿಯ ಹಬ್ಬ, ಹಬ್ಬಕ್ಕೊಂದೇ ಪದಾರ್ಥ ಎಂದು ಅಕ್ಕನಿಗೆ ವರ್ಣಿಸುತ್ತಿದ್ದಳು. ಒಂದೂರಲ್ಲಿ ಈರುಳ್ಳಿ, ಪಕ್ಕದೂರಲ್ಲಿ ದ್ರಾಕ್ಷಿ, ಇನ್ನೊಂದರಲ್ಲಿ ಕಾಳು. ಬೀದಿಯಲ್ಲಿ ಉದ್ದನೆಯ ಮೇಜು ಹಾಕುತ್ತಾರೆ, ಊರಿನವರೇ ಬೇಯಿಸಿ ಊರಿನವರೇ ಬಡಿಸುತ್ತಾರೆ. ಅಷ್ಟರಲ್ಲಿ ಅಕ್ಕನ ನಾಲಿಗೆ ಮರಗಟ್ಟಿತ್ತು. ಉಪ್ಪು ಹುಳಿ ಖಾರ ಯಾವುದೂ ಇಲ್ಲ. ಅನ್ನ ಒದ್ದೆ ಕಾಗದದ ಹಾಗೆ ಎನ್ನುತ್ತಿದ್ದಳು. ಬಾಯಲ್ಲಿ ಎಂಜಲೂ ಊರುತ್ತಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೆ ರುಚಿ ತಾನಾಗಿ ಮರಳುತ್ತದೆ ಎಂದು ಅವಳ ಡಾಕ್ಟರು ಹೇಳಿದರು. ಅವಳೂ ಡಾಕ್ಟರೇ, ಅವಳಿಗೂ ಗೊತ್ತು. ಆದರೆ ಬೇಸಿಗೆ ಮುಗಿಯುತ್ತ ಬಂದರೂ ಮರಳಲಿಲ್ಲ. ಕುಪ್ಪಸಗಳು ಮೈಮೇಲೆ ಜೋತುಬಿದ್ದವು. ಹೀಗೇ ಆದರೆ ಹೊಟ್ಟೆಗೆ ಟ್ಯೂಬು ಹಾಕಬೇಕಾದೀತು ಎಂದರು. ಆಗ ಅಕ್ಕ ಇದ್ದಕ್ಕಿದ್ದಂತೆ ಇಟಲಿಗೆ ಹೋಗೋಣ ಎಂದಳು. ಒಂದೇ ಪದಾರ್ಥವನ್ನು ಊರೇ ಸೇರಿ ಮಾಡಿದರೆ ಅದಕ್ಕೆ ಎಷ್ಟು ರುಚಿ ಇರಬೇಕು, ಅದೂ ಹತ್ತದಿದ್ದರೆ ಟ್ಯೂಬೇ ಸರಿ, ಎಂದು ನಕ್ಕಳು.

ಮಗಳು ಟಿಕೆಟು ಮಾಡಿಸಿದಳು. ಸೆಪ್ಟೆಂಬರಿನಲ್ಲಿ ಮೂವರೂ ಹೋದೆವು.

ನಾನು ಅಲ್ಲಿ ಸುಖಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ನನಗೆ ಅಮೆರಿಕದಲ್ಲಿ ಇಷ್ಟು ವರ್ಷ ಇದ್ದೂ ಇಂಗ್ಲಿಷು ಬಾಯಲ್ಲಿ ತೊಡರುತ್ತದೆ. ಅಲ್ಲಿ ಅಕ್ಕನ ಇಂಗ್ಲಿಷೂ ನಡೆಯುತ್ತಿರಲಿಲ್ಲ, ಎಲ್ಲವೂ ಕೈಸನ್ನೆ. ಕೈಸನ್ನೆಯಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಈರುಳ್ಳಿಯ ಊರಿನಲ್ಲಿ ಬೀದಿಯಿಡೀ ಬಾಡಿದ ಈರುಳ್ಳಿಯ ಸಿಹಿ ವಾಸನೆ, ಬಾಗಿಲು ಬಾಗಿಲಿಗೂ ಕೆಂಪು ಈರುಳ್ಳಿಯ ಜಡೆ ನೇತುಹಾಕಿದ್ದರು. ಶಾಲೆಯ ಹುಡುಗಿಯರು ತಟ್ಟೆ ಹೊತ್ತು ಓಡಾಡುತ್ತಿದ್ದರು. ಅವರ ತಾತಂದಿರು ಒಲೆಯ ಮುಂದೆ ಬೆವರುತ್ತಿದ್ದರು. ಪಕ್ಕ ಕೂತ ಅಪರಿಚಿತರು ತಮ್ಮ ತಟ್ಟೆಯಿಂದಲೇ ಒಂದು ತುಂಡು ಮುರಿದು ನನಗೆ ಕೊಟ್ಟರು. ದ್ರಾಕ್ಷಿಯ ಊರಿನಲ್ಲಿ ಹಿಟ್ಟಿನ ಮೇಲೆ ಕಪ್ಪು ದ್ರಾಕ್ಷಿ ಹರಡಿ ಸುಟ್ಟದ್ದನ್ನು ಬೆರಳು ನೇರಳೆಯಾಗುವವರೆಗೆ ತಿಂದೆ.

ಅಕ್ಕ ಎದುರು ಕೂತು ನೋಡುತ್ತಿದ್ದಳು. ಮಗಳು ಪ್ರತಿಯೊಂದನ್ನೂ ಫೋನಿನಲ್ಲಿ ಹುಡುಕಿ, ಇದಕ್ಕೆ ಮಾಂಸದ ಸಾರು ಹಾಕಿದ್ದಾರೆ, ಇದು ಹಂದಿ ಕೊಬ್ಬಿನಲ್ಲಿ ಕರಿದದ್ದು, ಎಂದು ದೂರ ಸರಿಸುವಳು. ಸಸ್ಯಾಹಾರ ಎಂದು ಉಳಿದದ್ದು ಅಕ್ಕನ ಗಂಟಲಿಗೆ ಮುಳ್ಳಾಗುತ್ತಿತ್ತು. ರೊಟ್ಟಿಯ ಅಂಚು ಚುಚ್ಚುವುದು, ಈರುಳ್ಳಿ ಉರಿಯುವುದು. ಅರ್ಪಿಸುವಳು, ಒಂದು ತುತ್ತು ಇಡುವಳು, ನೀರು ಕುಡಿಯುವಳು. "ಮಮ್ಮಾ, ಯು ಹ್ಯಾವ್ ಟು ಈಟ್," ಎಂದು ಮಗಳು ಅಳುಮೋರೆ ಮಾಡಿದರೆ, "ನೋಡ್ತಾ ಇದ್ರೇ ಹೊಟ್ಟೆ ತುಂಬತ್ತೆ," ಎನ್ನುವಳು. ನಾನು ನೇರಳೆ ಬೆರಳುಗಳನ್ನು ಮೇಜಿನ ಕೆಳಗೆ ಒರೆಸಿಕೊಂಡೆ.

ಕಾಳಿನ ಊರಿಗೆ ಹೋದ ಸಂಜೆ ಮಗಳು ಬರಲಿಲ್ಲ. ಅಮೆರಿಕದ ಬೆಳಗು ಇಟಲಿಯ ಸಂಜೆ. ಅವಳಿಗೆ ಆಫೀಸಿನ ಮೀಟಿಂಗಿತ್ತು. ನಾವು ಉಳಿದಿದ್ದ ಮನೆಯಿಂದ ಗುಡ್ಡ ಹತ್ತಿದರೆ ಊರು. ಅಕ್ಕ ನನ್ನ ತೋಳು ಹಿಡಿದು ನಿಧಾನವಾಗಿ ಹತ್ತಿದಳು. ಚರ್ಚಿನ ಮುಂದಿನ ಚೌಕದಲ್ಲಿ ಮೇಜುಗಳು, ಮೇಲೆ ಹಾಸಿದ ಬಿಳಿ ಕಾಗದ ಗಾಳಿಗೆ ಪಟಪಟ ಅನ್ನುತ್ತಿತ್ತು. ಒಬ್ಬ ಮುದುಕ ಅಕಾರ್ಡಿಯನ್ ಬಾರಿಸುತ್ತಿದ್ದ. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ನಾನು ಅಡುಗೆಯ ಕಡೆ ಹೋದೆ. ದೊಡ್ಡ ಹಂಡೆಯಲ್ಲಿ ಸಣ್ಣ ಬಿಳಿಯ ಕಾಳು ಕುದಿಯುತ್ತಿತ್ತು. ಹಬೆಯಲ್ಲಿ ಬೆಳ್ಳುಳ್ಳಿಯ ಜೊತೆಗೆ ಯಾವುದೋ ಎಲೆಯ ಘಮ. ನಮ್ಮೂರ ಹಿತಕಿದ ಅವರೆಯ ಸಾರು ನೆನಪಾಯಿತು. ಬೆಣ್ಣೆಯ ಹಾಗೆ ಬೆಂದಿತ್ತು. ಇದು ಅಕ್ಕನ ಗಂಟಲಲ್ಲಿ ಇಳಿಯುತ್ತದೆ ಅಂದುಕೊಂಡೆ.

ಸೌಟು ಹಿಡಿದ ಹೆಂಗಸು ಹಂಡೆಯನ್ನು ಕಲಕಿದಳು. ಕಾಳಿನ ನಡುವೆ ಬಿಳಿಯ ಪಟ್ಟಿಗಳು ಮೇಲೆದ್ದವು. ಏನೆಂದು ಗೊತ್ತಾಯಿತು. ರೆಡ್‌ವುಡ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮೆಕ್ಸಿಕನ್ ಅಂಗಡಿಯ ಗಾಜಿನ ಹಿಂದೆ ಅದನ್ನು ದಿನವೂ ನೋಡುತ್ತೇನೆ. ಆದರೂ ಬೆರಳು ತೋರಿಸಿ ಹುಬ್ಬೇರಿಸಿದೆ. ಹೆಂಗಸು ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮೇಲಕ್ಕೊತ್ತಿ ಹಂದಿಯ ಹಾಗೆ ಗುಟುರು ಹಾಕಿ ತೋರಿಸಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ನಾನು ಬೇಡವೆಂದು ಕೈಯಾಡಿಸಿದೆ. ಪಾಪ, ಅವಳು ತಲೆದೂಗಿ, ಪಟ್ಟಿಗಳನ್ನು ಒಂದೊಂದಾಗಿ ಸೌಟಿನಿಂದ ಬದಿಗೆ ಸರಿಸಿ, ಬರೀ ಕಾಳನ್ನು ಹುಡುಕಿ ಹುಡುಕಿ ಬಟ್ಟಲಿಗೆ ಹಾಕಿ, ಸರಿಯೇ ಎಂಬಂತೆ ನನ್ನ ಮುಖ ನೋಡಿದಳು. ನಾನು ಸರಿ ಎಂದು ತಲೆಯಾಡಿಸಿ ಬಟ್ಟಲು ತೆಗೆದುಕೊಂಡೆ. ಮೇಲೆ ಕೊಬ್ಬು ಸಣ್ಣ ಸಣ್ಣ ಚಿನ್ನದ ಬಿಲ್ಲೆಗಳ ಹಾಗೆ ತೇಲುತ್ತಿತ್ತು.

"ಕೇಳಿದ್ಯಾ?" ಎಂದಳು ಅಕ್ಕ.

"ಕೇಳಿದೆ. ಬರೀ ಕಾಳು."

ಅವಳು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ತಡೆಯಲು ಆಗಲೂ ಹೊತ್ತಿತ್ತು. ಅವಳು ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದ್ದಳು. ತುಟಿ ಅಲುಗುತ್ತಿತ್ತು. ನಾನು ನೋಡುತ್ತ ಕೂತೆ.

ಮೊದಲ ಚಮಚ ನುಂಗಿದಳು. ಎರಡನೆಯದನ್ನು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಉಪ್ಪು ಗೊತ್ತಾಗ್ತಾ ಇದೆ ಕಣೆ."

ಬಟ್ಟಲು ಖಾಲಿ ಮಾಡಿ ರೊಟ್ಟಿಯ ಮೆದು ಭಾಗದಿಂದ ಒರೆಸಿ ಒರೆಸಿ ತಿಂದಳು. ಇನ್ನೊಂದು ಬೇಕು ಎಂದಳು. ನಾನು ಹೋಗಿ ಇನ್ನೊಂದು ತಂದೆ. ಹೆಂಗಸು ಈ ಸಲ ನನ್ನನ್ನು ಗುರುತು ಹಿಡಿದು, ಕೇಳುವ ಮೊದಲೇ ಪಟ್ಟಿಗಳನ್ನು ಬದಿಗೆ ಸರಿಸಿದಳು. ಅಕ್ಕನ ಮುಖಕ್ಕೆ ಬಣ್ಣ ಬಂತು. ಬಿಳಿ ಮೀಸೆಯವನೊಬ್ಬ ಬಂದು ನನ್ನ ಕೈಹಿಡಿದು ಕುಣಿಯಲು ಎಳೆದ. ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನೂ ಕುಣಿದೆ. ಅಕ್ಕ ಮೇಜು ತಟ್ಟಿ ತಾಳ ಹಾಕುತ್ತ, "ಎಂಟನೇ ಕ್ಲಾಸು ಫೇಲಾದ್ರೂ ಡ್ಯಾನ್ಸಲ್ಲಿ ಪಾಸು," ಎಂದು ಕೂಗಿ ಹೇಳಿದಳು. ಯಾರಿಗೂ ಅರ್ಥವಾಗದಿದ್ದರೂ ಎಲ್ಲರೂ ನಕ್ಕರು. ಚಿಕ್ಕಂದಿನ ನಂತರ ನಾವಿಬ್ಬರೂ ಅಷ್ಟು ಸಂತೋಷವಾಗಿದ್ದದ್ದು ಆ ಸಂಜೆಯೇ.

ಅವಳ ಜೀವ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಅದಷ್ಟೇ ಅಲ್ಲ. ಮೊದಲ ಚಮಚ ಅವಳ ಗಂಟಲಿಗಿಳಿದಾಗ ನನ್ನೊಳಗೆ ಇನ್ನೊಂದು ದನಿ ಎದ್ದಿತು. ಇನ್ನು ನಮ್ಮ ಮನೆಯ ನೀರು ನಿನಗೆ ಮೈಲಿಗೆಯಲ್ಲ ಬಿಡು, ಎಂದಿತು. ಒಂದು ಗಳಿಗೆ ಅಷ್ಟೇ. ಆದರೆ ಆ ಗಳಿಗೆಯಲ್ಲಿ ನನಗೆ ಹಿತವಾಗಿತ್ತು. ಯಾವ ಕೈಯನ್ನು ನಂಬಿ ಅವಳು ಕರಡಿಗೆ ಕೊಟ್ಟಿದ್ದಳೋ ಅದೇ ಕೈಯಲ್ಲಿ ಬಟ್ಟಲು ತಂದಿದ್ದೆ.

ವಾಪಸು ಬಂದ ಮೇಲೆ ಅಕ್ಕ ಚೇತರಿಸಿಕೊಂಡಳು. ಮೊಸರನ್ನ ಇಳಿಯಿತು, ಮುದ್ದೆ ಇಳಿಯಿತು, ಟ್ಯೂಬಿನ ಮಾತು ನಿಂತಿತು. ತಿಂಗಳುಗಳ ಮೇಲೆ ಬರಬೇಕಾದ ರುಚಿ ಬಂದಿತ್ತೋ, ಕೊಬ್ಬು ನಾಲಿಗೆಯನ್ನು ಎಬ್ಬಿಸಿತ್ತೋ, ನನಗೆ ತಿಳಿಯದು. ಅಕ್ಕನಿಗೆ ತಿಳಿದಿತ್ತು. ಲಿಂಗಕ್ಕೆ ಅರ್ಪಿಸಿದ ಆ ತುತ್ತಿನಿಂದಲೇ ಬಂತು, ಅಂದು ಎಂದೂ ಇಲ್ಲದಷ್ಟು ಮನಸ್ಸಿಟ್ಟು ಬೇಡಿದ್ದೆ, ಎಂದು ಫೋನಿನಲ್ಲಿ ಊರಿನವರಿಗೆ, ಇಲ್ಲಿಯ ನೆಂಟರಿಗೆ, ಡಾಕ್ಟರಿಗೆ ಕೂಡ ಹೇಳಿದಳು. ಅವಳು ಹೇಳುವಾಗಲೆಲ್ಲ ನಾನು ಅವಳ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಆ ಅಡುಗೆಮನೆಯಲ್ಲೂ ನನಗೆ ನೆಮ್ಮದಿ ಇರಲಿಲ್ಲ. ಅಕ್ಕನಿಗೆ ಆ ಕಾಳನ್ನು ಮಾಡಿ ನೋಡುವ ಹುಚ್ಚು ಹತ್ತಿತ್ತು. ಫಾರ್ಮರ್ಸ್ ಮಾರ್ಕೆಟ್ಟಿನಿಂದ ಬಗೆಬಗೆಯ ಕಾಳು ತಂದಳು, ಹಿತ್ತಲಲ್ಲಿ ಆ ಎಲೆಯ ಗಿಡ ನೆಟ್ಟಳು, ಮಣ್ಣಿನ ಗಡಿಗೆ ತರಿಸಿದಳು. ಶನಿವಾರ ನನ್ನನ್ನು ಕರೆಸಿ ರುಚಿ ನೋಡಿಸುವಳು.

"ಎಲ್ಲಾ ಸರಿಯಾಗಿದೆ. ಏನೋ ಒಂದು ಕಮ್ಮಿ. ನೀನು ಹಂಡೆ ನೋಡಿದ್ದೀಯಲ್ಲ, ಇನ್ನೇನು ಹಾಕಿದ್ರು?"

"ಎಣ್ಣೆ ಜಾಸ್ತಿ ಇತ್ತು ಅನ್ಸತ್ತೆ," ಎಂದೆ ಒಂದು ಸಲ. ಎಣ್ಣೆ ಹೆಚ್ಚಿಸಿದಳು. ಇನ್ನೊಂದು ಸಲ ಅಲ್ಲಿಯ ನೀರಿನ ಗುಣವಿರಬೇಕು ಎಂದೆ. ಒಂದು ಸುಳ್ಳಿಗೆ ಒತ್ತಾಗಿ ಇನ್ನೊಂದನ್ನು ಇಡುತ್ತಲೇ ಹೋದೆ. ಅವಳು ಗಡಿಗೆಯ ಮುಂದೆ ನಿಂತು ಚಮಚ ನೆಕ್ಕಿ ತಲೆಯಾಡಿಸುವುದನ್ನು ನೋಡಲಾಗದೆ ನಾನು ಪಾತ್ರೆ ತೊಳೆಯಲು ತಿರುಗುತ್ತಿದ್ದೆ.

ಈ ಚಳಿಗಾಲದ ಕೊನೆಗೆ ಒಂದು ಶನಿವಾರ ಅವಳೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಾಳಿನ ಚೀಲವಿತ್ತು, ಗಡಿಗೆ ಇತ್ತು. ನೀರಿನ ಬಾಟಲಿ ಇರಲಿಲ್ಲ. ಮೊದಲು ನನಗೆ ಅದು ಹೊಳೆಯಲೇ ಇಲ್ಲ. ಅವಳು ಸೋಫಾದ ಅಂಚಿನಲ್ಲಿ ಕೂರದೆ ನೇರ ಒಲೆಯ ಹತ್ತಿರ ಬಂದಳು. ಶಿವರಾತ್ರಿಗೆ ಇಲ್ಲಿಯ ನಮ್ಮವರೆಲ್ಲ ಸೇರುತ್ತಾರೆ, ಮರುದಿನದ ದಾಸೋಹಕ್ಕೆ, ಬಂದವರಿಗೆಲ್ಲ ಊಟ ಬಡಿಸುವುದಕ್ಕೆ, ಈ ಕಾಳನ್ನೇ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ ಎಂದಳು. ತನ್ನ ಕೈಯಲ್ಲಿ ಅದು ಬರುತ್ತಿಲ್ಲ.

"ಅವತ್ತು ನೀನು ತಂದುಕೊಟ್ಟೆ. ನಿನ್ನ ಕೈಯಲ್ಲೇ ಏನೋ ಇದೆ. ನಿನ್ನ ಒಲೆ ಮೇಲೇ ಮಾಡೋಣ," ಎಂದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಇಷ್ಟು ವರ್ಷ ನಾನು ಮಾಡಿದ್ದು ತಪ್ಪು. ಬಾಯಾರಿಕೆ ಆಗಿದೆ. ಒಂದು ಲೋಟ ನೀರು ಕೊಡು," ಎಂದಳು.

ಮದುವೆಯಾದಾಗಿನಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ನಲ್ಲಿ ತಿರುಗಿಸಿದೆ, ಲೋಟ ತುಂಬಿತು, ತುಂಬಿ ಹರಿಯಿತು. ಮೇಜಿನ ಬಳಿ ಕೂತ ಅವಳ ಮುಂದೆ ಇಟ್ಟೆ. ಅವಳು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಅದೇ ಮುಖ, ಅದೇ ತುಟಿ. ಎರಡನೇ ಸಲ ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

"ಅಕ್ಕ, ಅವತ್ತಿನದು ಬರೀ ಕಾಳಲ್ಲ. ಅದರಲ್ಲಿ ಹಂದಿ ಚರ್ಮ ಹಾಕಿ ಬೇಯಿಸಿದ್ರು. ತೆಗೆದು ಕೊಟ್ರು."

ಅವಳು ಕಣ್ಣು ತೆರೆಯಲು ಬಹಳ ಹೊತ್ತಾಯಿತು.

"ಆಮೇಲೆ ಗೊತ್ತಾಯ್ತಾ ನಿಂಗೆ?"

ಹೌದು ಎನ್ನಬಹುದಿತ್ತು. ಅವಳ ದನಿಯಲ್ಲಿ ಆ ದಾರಿಯನ್ನು ಅವಳೇ ತೆರೆದಿಟ್ಟಿದ್ದಳು.

"ಇಲ್ಲ. ಮೊದಲೇ ಗೊತ್ತಿತ್ತು."

"ನಾನು ಅರ್ಪಿಸೋವಾಗ ನೋಡ್ತಾ ಇದ್ದೆ ನೀನು."

"ನೋಡ್ತಾ ಇದ್ದೆ."

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಟ್ಯೂಬಿನ ಭಯವಿತ್ತು, ನೀನು ತಿಂದರೆ ಸಾಕಾಗಿತ್ತು, ಎಂದು ನಾನು ಏನೇನೋ ಹೇಳಿದೆ. ಆ ಇನ್ನೊಂದನ್ನು, ಹಿತವಾದದ್ದನ್ನು, ಹೇಳಲಿಲ್ಲ. ಅದನ್ನು ಬರೆಯುತ್ತಿರುವುದು ಇಲ್ಲೇ ಮೊದಲು. ಅವಳು ಎದ್ದು ಗಡಿಗೆಯನ್ನೂ ಕಾಳನ್ನೂ ಎತ್ತಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, "ಉಪ್ಪು ಗೊತ್ತಾಗಿತ್ತು ಕಣೆ ನಂಗೆ," ಎಂದಳು. ಯಾರಿಗೋ ದೂರು ಹೇಳುವ ಹಾಗೆ ಹೇಳಿದಳು. ನೀರಿನ ಲೋಟ ಮೇಜಿನ ಮೇಲೆ ತುಂಬಿಯೇ ಇತ್ತು. ಸಂಜೆ ನನ್ನ ಯಜಮಾನರು ಕೆಲಸದಿಂದ ಬಂದು, ಏನೂ ತಿಳಿಯದೆ, ಅದನ್ನು ಎತ್ತಿ ಗಟಗಟ ಕುಡಿದರು.

ಶಿವರಾತ್ರಿಗೆ ನನ್ನನ್ನು ಕರೆಯಲಿಲ್ಲ. ದಾಸೋಹಕ್ಕೆ ಅಕ್ಕ ಬರೀ ಪಾಯಸ ಮಾಡಿದ್ದಳಂತೆ, ಇಟಲಿಯ ಕತೆ ಕೇಳಿದವರಿಗೆ ಗಂಟಲು ಸರಿಯಿಲ್ಲ ಎಂದಳಂತೆ. ಅವಳ ಮಗಳು ಹೇಳಿದ್ದು. "ಚಿಕ್ಕಮ್ಮ, ವಾಟ್ ಹ್ಯಾಪನ್ಡ್? ಶಿ ವೋಂಟ್ ಟಾಕ್ ಅಬೌಟ್ ಇಟ್," ಎಂದು ಕೇಳಿದಳು. ಅಮ್ಮನನ್ನೇ ಕೇಳು ಎಂದೆ. ಮತ್ತೆ ಊಟ ಕಡಿಮೆ ಮಾಡಿದ್ದಾಳೆ ಎಂದೂ ಹೇಳಿದಳು. ಅದು ನನ್ನ ಎದೆಯಲ್ಲಿ ಕೂತಿತು. ನಿಜ ಹೇಳಿ ನಾನು ಹಗುರಾಗಲು ಹೊರಟೆನೇ ಹೊರತು, ಆ ನಿಜವನ್ನು ಅವಳು ಹೇಗೆ ನುಂಗಬೇಕು ಎಂದು ಯೋಚಿಸಿರಲಿಲ್ಲ.

ಹೋದ ವಾರ ಅವಳಿಗೆ ಸ್ಕ್ಯಾನು ಇತ್ತು. ಬಾ ಎಂದು ಯಾರೂ ಹೇಳಿರಲಿಲ್ಲ. ಡೇಕೇರಿಗೆ ರಜೆ ಹಾಕಿ ಓಕ್ಲ್ಯಾಂಡ್‌ಗೆ ಹೋದೆ. ಅದೇ ಕುರ್ಚಿಗಳು. ಆ ಇಟಲಿಯ ಮುದುಕಿ ಇರಲಿಲ್ಲ, ಎಲ್ಲಿ ಎಂದು ಕೇಳಲು ಧೈರ್ಯ ಬರಲಿಲ್ಲ. ಮಗಳು ನನ್ನನ್ನು ನೋಡಿ ಪಕ್ಕದ ಕುರ್ಚಿಯಿಂದ ತನ್ನ ಚೀಲ ತೆಗೆದಳು. ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು. ಮತ್ತೆ ಸಣಕಲಾಗಿದ್ದಳು. ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ನೀರಿನ ಬಾಟಲಿ.

ನನ್ನನ್ನು ನೋಡಿ ನಿಂತಳು. ನಾನು ಎದ್ದೆ, ಆದರೆ ಕೈ ಚಾಚಲಿಲ್ಲ. ಅವಳು ಮಗಳ ಎರಡೂ ಅಂಗೈಗಳನ್ನು ಜೋಡಿಸಿ ಬೊಗಸೆ ಮಾಡಿಸಿ, ಕರಡಿಗೆಯನ್ನು ಅದರಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. ಕೆಳಗೆ ಇಡಬೇಡ ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನರ್ಸು ಹೆಸರು ಕೂಗಿದಳು. ಅಕ್ಕ ಎರಡು ಹೆಜ್ಜೆ ಹೋಗಿ, ತಿರುಗಿ, ಬಾಟಲಿಯನ್ನು ನನ್ನ ಕಡೆ ಚಾಚಿದಳು.

"ಇದನ್ನ ಹಿಡ್ಕೊ. ಆಚೆ ಬಂದ ತಕ್ಷಣ ಬೇಕಾಗತ್ತೆ."

ಅವಳು ಒಳಗಿದ್ದಷ್ಟು ಹೊತ್ತು ಎರಡೂ ಕೈಗಳಲ್ಲಿ ಅದನ್ನು ಹಿಡಿದು ಕೂತಿದ್ದೆ. ಪಕ್ಕದಲ್ಲಿ ಮಗಳು ಮೂಗು ತುರಿಸುತ್ತದೆ, ಏನು ಮಾಡಲಿ ಎಂದು ಪಿಸುಗುಟ್ಟಿದಳು. ತಡ್ಕೊ ಎಂದೆ.